ಕೂಡಿ ಹಾಡಿದ ಮನೆ

ಗೃಹಸ್ಥನ ಮನೆಗೆ ಬರುವ ಅತಿಥಿಗಳಲ್ಲಿ ಪ್ರತಿಭೆಯಷ್ಟು ಕಷ್ಟದ ಅತಿಥಿ ಮತ್ತೊಂದಿಲ್ಲ. ಅದು ಹೇಳಿ ಬರುವುದಿಲ್ಲ; ಯಾವ ಮಗುವಿನಲ್ಲಿ ಬಂದು ನೆಲೆಸುವುದೆಂಬುದನ್ನು ಮುಂಚಿತವಾಗಿ ತಿಳಿಯುವ ಉಪಾಯವೂ ಇಲ್ಲ. ಬಂದ ಮೇಲೆ ಅದಕ್ಕೆ ತಕ್ಕ ಉಪಚಾರವಾವುದೆಂದು ಹೆತ್ತವರಿಗೆ ಬೇಗನೆ ಹೊಳೆಯುವುದಿಲ್ಲ. ಅಲಕ್ಷ್ಯ ಮಾಡಿದರೆ ಬಾಡಿಹೋಗುತ್ತದೆ; ಬಿಗಿಯಾಗಿ ಹಿಡಿದರೆ ಮುರಿದುಹೋಗುತ್ತದೆ. ಬಹುಕಾಲ ಹುಡುಗರಿಗೆ ಪಾಠ ಹೇಳಿ ಜೀವನ ಮಾಡಿದ ನನಗೆ ಈ ವಿಷಯವು ಆಗಾಗ ಮನಸ್ಸಿಗೆ ಬರುತ್ತಿರುವುದು ಸಹಜವೇ. ಈ ತಿಂಗಳು ಅದನ್ನು ಒಂದು ದೃಷ್ಟಾಂತದ ಮೂಲಕ ವಾಚಕರ ಮುಂದಿಡಬೇಕೆಂದಿದ್ದೇನೆ.

ದೃಷ್ಟಾಂತವು ಅಮೆರಿಕ ದೇಶದ್ದು. 'ಬೀಚ್ ಬಾಯ್ಸ್', ಅಂದರೆ ಕಡಲ ದಂಡೆಯ ಹುಡುಗರು, ಎಂಬ ಹೆಸರಿನಿಂದ ೧೯೬೧ರಲ್ಲಿ ಹುಟ್ಟಿ ಲೋಕಪ್ರಸಿದ್ಧವಾದ ಗಾಯಕರ ತಂಡದ ಕಥೆ. ಪಾಶ್ಚಾತ್ಯರ ಹೊಸ ಬಗೆಯ ಹಾಡೆಂದರೆ ಬರಿಯ ಗದ್ದಲವೆಂದು ತಿಳಿದಿರುವ ಹಿರಿಯರು ಮುಖ ತಿರುಗಿಸಬೇಕಾಗಿಲ್ಲ. ಇದು ಹಾಡಿನ ಕಥೆಯಾಗಿರುವಷ್ಟೇ ಒಂದು ಮನೆಯ ಕಥೆಯೂ ಆಗಿದೆ. ತಂದೆ, ತಾಯಿ, ಮೂವರು ಗಂಡುಮಕ್ಕಳು, ಸೋದರತ್ತೆಯ ಮಗ, ಒಬ್ಬ ಸ್ನೇಹಿತ: ಇವರೇ ಇದರ ಪಾತ್ರಗಳು.

ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಲಾಸ್ ಏಂಜಲಿಸ್ ನಗರಕ್ಕೆ ಹತ್ತಿದಂತೆ ಹಾಥಾರ್ನ್ ಎಂಬ ಊರಿದೆ. ಅಲ್ಲಿ ಮರ್ರಿ ವಿಲ್ಸನ್ನನೆಂಬ ಗೃಹಸ್ಥನಿದ್ದನು. ಯಂತ್ರಗಳ ವ್ಯಾಪಾರ ಅವನ ಜೀವನೋಪಾಯ. ಹಿಂದೆ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಅಪಘಾತದಲ್ಲಿ ಒಂದು ಕಣ್ಣನ್ನು ಕಳೆದುಕೊಂಡಿದ್ದನು. ಹಾಡು ಕಟ್ಟಿ ಹೆಸರು ಪಡೆಯಬೇಕೆಂಬುದು ಅವನ ಯೌವನದ ಆಸೆ. ಅದು ಹೇಳಿಕೊಳ್ಳುವಷ್ಟು ಕೈಗೂಡಲಿಲ್ಲ. ಹೆಂಡತಿ ಆಡ್ರಿ ಎಂಬಾಕೆ ಪಿಯಾನೋ ನುಡಿಸಬಲ್ಲವಳು. ಮೂವರು ಮಕ್ಕಳಲ್ಲಿ ಹಿರಿಯ ಬ್ರಯನ್ನನು ೧೯೪೨ರಲ್ಲಿಯೂ, ನಡುವಣ ಡೆನ್ನಿಸನು ೧೯೪೪ರಲ್ಲಿಯೂ, ಕಿರಿಯ ಕಾರ್ಲನು ೧೯೪೬ರಲ್ಲಿಯೂ ಹುಟ್ಟಿದರು. ತಂದೆಯು ಮನೆಯ ವಾಹನದ ಕೊಟ್ಟಿಗೆಯನ್ನೇ ಸಂಗೀತದ ಕೊಠಡಿಯನ್ನಾಗಿ ಮಾಡಿ ಅಲ್ಲಿ ವಾದ್ಯಗಳನ್ನಿರಿಸಿದನು. ಆದರೆ ಅವನದು ಮುಂಗೋಪ. ಮಕ್ಕಳ ಮೇಲೆ ಕೈಮಾಡುವುದರಲ್ಲಿಯೂ ನಿಂದಿಸುವುದರಲ್ಲಿಯೂ ಮಿತಿಯನ್ನರಿಯನು. ವಿದ್ಯೆಗೆ ಬಾಗಿಲನ್ನು ತೆರೆದ ಕೈಯೂ ಹೊಡೆದ ಕೈಯೂ ಒಂದೇ ಆಗಿದ್ದುದು ಆ ಮನೆಯ ದುರದೃಷ್ಟ.

ಹಿರಿಯ ಮಗನಾದ ಬ್ರಯನ್ನನಿಗೆ ಬಾಲ್ಯದಿಂದಲೇ ಬಲಗಿವಿ ಬಹುಮಟ್ಟಿಗೆ ಕೇಳಿಸದು. ಹೀಗಿದ್ದರೂ ಆತನ ಶ್ರವಣಶಕ್ತಿ ಆಶ್ಚರ್ಯಕರವಾದುದು. ಇದನ್ನು ತಿಳಿಯಲು ಪಾಶ್ಚಾತ್ಯ ಗಾನದ ಒಂದು ಪದ್ಧತಿಯನ್ನು ಅರಿತಿರಬೇಕು. ನಮ್ಮಲ್ಲಿ ಎಷ್ಟು ಮಂದಿ ಕೂಡಿ ಹಾಡಿದರೂ ಎಲ್ಲರೂ ಒಂದೇ ಸ್ವರವನ್ನು ಹಿಡಿದು ನಡೆಯುವರು. ಅವರಲ್ಲಿಯಾದರೋ ಒಬ್ಬನು ಷಡ್ಜದಲ್ಲಿ ನಿಂತಿರುವಾಗಲೇ ಮತ್ತೊಬ್ಬನು ಗಾಂಧಾರದಲ್ಲಿಯೂ ಮೂರನೆಯವನು ಪಂಚಮದಲ್ಲಿಯೂ ನಿಂತು ಏಕಕಾಲದಲ್ಲಿ ಹಾಡುವುದುಂಟು. ಒಬ್ಬನ ದನಿ ತುಸು ಮೇಲಾದರೂ ಮೇಳ ಕೆಡುತ್ತದೆ. ಆಗಿನ ಕಾಲದಲ್ಲಿ ಇಂಥ ಸ್ವರಮೇಳಕ್ಕೆ ಹೆಸರಾಗಿದ್ದ 'ಫೋರ್ ಫ್ರೆಶ್‌ಮೆನ್' ಎಂಬ ನಾಲ್ವರ ತಂಡದ ಧ್ವನಿಮುದ್ರಿಕೆಗಳನ್ನು ಬ್ರಯನ್ನನು ಮತ್ತೆ ಮತ್ತೆ ಹಾಕಿ ಕೇಳಿ, ಬೆರೆತುಹೋಗಿರುವ ನಾಲ್ಕು ಕಂಠಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದನು. ಮೂವರು ಸೋದರರಿಗೂ ಮಲಗುವ ಕೋಣೆ ಒಂದೇ. ರಾತ್ರಿಯ ಹೊತ್ತು ಅಣ್ಣನು ತಮ್ಮಂದಿರಿಗೆ ಅವರವರ ಭಾಗವನ್ನು ಕಲಿಸಿಕೊಡುವನು. ಕತ್ತಲಲ್ಲಿ ಮೂವರೂ ಕೂಡಿ ಹಾಡುವರು. ಮುಂದೆ ಕೋಟ್ಯಂತರ ಜನ ಕೇಳಿದ ನಾದಕ್ಕೆ ಆ ಕೋಣೆಯೇ ಮೂಲಸ್ಥಾನ.

ಸೋದರತ್ತೆಯ ಮಗನಾದ ಮೈಕ್ ಲವ್ ಮತ್ತು ಬ್ರಯನ್ನನ ಸಹಪಾಠಿಯಾದ ಆಲ್ ಜಾರ್ಡೀನ್ ಇವರಿಬ್ಬರೂ ಸೇರಲು ಐವರಾದರು. ೧೯೬೧ನೆಯ ಸೆಪ್ಟೆಂಬರಿನ ರಜೆಯಲ್ಲಿ ತಾಯಿತಂದೆಗಳು ಮೆಕ್ಸಿಕೋ ನಗರಕ್ಕೆ ಹೋದಾಗ ಊಟದ ವೆಚ್ಚಕ್ಕೆಂದು ಬಿಟ್ಟುಹೋಗಿದ್ದ ಹಣವನ್ನು ಹುಡುಗರು ವಾದ್ಯಗಳ ಬಾಡಿಗೆಗೆ ಸುರಿದರೆಂಬ ಕಥೆ ಪ್ರಸಿದ್ಧವಾಗಿದೆ. ಹಲಗೆಯ ಮೇಲೆ ನಿಂತು ಸಮುದ್ರದ ತೆರೆಗಳನ್ನೇರಿ ದಡಕ್ಕೆ ಬರುವ ಆಟವು ಆ ಕರಾವಳಿಯ ತರುಣರಿಗೆ ಆಗ ಹುಚ್ಚಾಗಿತ್ತು. ಅದರ ಮೇಲೆ ಒಂದು ಹಾಡು ಕಟ್ಟಬೇಕೆಂದು ಸೂಚಿಸಿದವನು ಡೆನ್ನಿಸ್. ವಿನೋದವೇನೆಂದರೆ, ಐವರಲ್ಲಿ ಆ ಆಟವನ್ನು ನಿಜವಾಗಿ ಬಲ್ಲವನು ಅವನೊಬ್ಬನೇ. 'ಸರ್ಫಿನ್' ಎಂಬ ಆ ಮೊದಲನೆಯ ತಟ್ಟೆಯು ಅಚ್ಚಾಗಿ ಬಂದಾಗ ಅದರ ಮೇಲೆ 'ಬೀಚ್ ಬಾಯ್ಸ್' ಎಂಬ ಹೆಸರಿತ್ತು. ಹುಡುಗರು ತಮಗೆ ಇಟ್ಟುಕೊಂಡಿದ್ದ ಹೆಸರು ಬೇರೆ. ಇವರನ್ನು ಕೇಳದೆಯೇ ಅದನ್ನು ಬದಲಾಯಿಸಲಾಗಿತ್ತು. ತಮ್ಮದೆಂಬ ವಸ್ತುವನ್ನು ತಮಗೆ ತಿಳಿಯದಂತೆ ಬೇರೊಬ್ಬರು ನಿರ್ಣಯಿಸುವ ಪರಿಪಾಠವು ಅವರ ಪಾಲಿಗೆ ಅಂದೇ ಆರಂಭವಾಯಿತೆನ್ನಬೇಕು.

ತಂದೆಯೇ ವ್ಯವಸ್ಥಾಪಕನಾದನು. ಕಂಪೆನಿಗಳ ಬಾಗಿಲು ಬಾಗಿಲು ತಿರುಗಿ ೧೯೬೨ರಲ್ಲಿ ಕ್ಯಾಪಿಟಲ್ ಎಂಬ ದೊಡ್ಡ ಸಂಸ್ಥೆಯಲ್ಲಿ ಮಕ್ಕಳಿಗೆ ಸ್ಥಳ ದೊರಕಿಸಿಕೊಟ್ಟನು. ಈ ಉಪಕಾರವನ್ನು ಮರೆಯಲಾಗದು. ಕಡಲು, ಮೋಟಾರು ಗಾಡಿ, ಬೇಸಗೆಯ ರಜೆ, ಎಳೆಯರ ಪ್ರಣಯ ಇವುಗಳ ಮೇಲೆ ಹಾಡುಗಳು ಒಂದರ ಹಿಂದೊಂದರಂತೆ ಹೊರಟವು. ರಾಗ ಮತ್ತು ಮೇಳದ ರಚನೆ ಬಹುಪಾಲು ಬ್ರಯನ್ನನದು. ಎಷ್ಟೋ ಹಾಡುಗಳಿಗೆ ಮಾತು ಕೂಡಿಸಿದವನು ಮೈಕ್. ಆದರೆ ಮಕ್ಕಳು ಬೆಳೆದಂತೆ ತಂದೆಯ ಅಧಿಕಾರವೂ ಬೆಳೆಯಿತು. ಸ್ವರ ಹೀಗಿರಬೇಕು, ವಾದ್ಯ ಹಾಗಿರಬೇಕು ಎಂದು ಎಲ್ಲದರಲ್ಲಿಯೂ ಅವನ ಮಾತೇ ನಡೆಯಬೇಕು. ಕಡೆಗೆ ೧೯೬೪ರಲ್ಲಿ ಮಕ್ಕಳೇ ತಂದೆಯನ್ನು ಆ ಪದವಿಯಿಂದ ಬಿಡಿಸಿದರು. ಅದೇ ವರ್ಷ 'ಐ ಗೆಟ್ ಅರೌಂಡ್' ಎಂಬ ಹಾಡು ಅಮೆರಿಕದ ಪಟ್ಟಿಯಲ್ಲಿ ಅವರಿಗೆ ಮೊಟ್ಟಮೊದಲನೆಯ ಸಲ ಅಗ್ರಸ್ಥಾನವನ್ನು ತಂದುಕೊಟ್ಟಿತು. ೧೯೬೫ರಲ್ಲಿ ಮತ್ತೊಂದು ಹಾಡಿನ ಧ್ವನಿಮುದ್ರಣ ನಡೆಯುತ್ತಿದ್ದಾಗ ತಂದೆಯು ಅಲ್ಲಿಗೇ ಬಂದು ಮಗನ ಕೆಲಸವನ್ನು ಅಡ್ಡಗಟ್ಟಿ ವಾದಕ್ಕೆ ನಿಂತನು. ಯಂತ್ರವು ತಿರುಗುತ್ತಲೇ ಇದ್ದುದರಿಂದ ತಂದೆಮಕ್ಕಳ ಆ ಜಗಳವೂ ಹಾಡಿನೊಡನೆ ಮುದ್ರಿತವಾಗಿ ಉಳಿದಿದೆ. ಹದಿನಾರು ತುಂಬಿದ ಮಗನನ್ನು ಸ್ನೇಹಿತನಂತೆ ಕಾಣತಕ್ಕದ್ದೆಂದು ನಮ್ಮ ನೀತಿಕಾರರು ವಿಧಿಸಿರುವರಷ್ಟೆ. ಇಲ್ಲಿ ಮಗನಿಗೆ ಇಪ್ಪತ್ತೆರಡು ತುಂಬಿತ್ತು.

ಅಷ್ಟರಲ್ಲಿ ಬ್ರಯನ್ನನ ಮನಸ್ಸಿನ ಮೇಲೆ ಭಾರ ಹೆಚ್ಚಿತ್ತು. ೧೯೬೪ನೆಯ ಡಿಸೆಂಬರ್ ೨೩ರಂದು ಹ್ಯೂಸ್ಟನ್ ನಗರಕ್ಕೆ ಹೋಗುವ ವಿಮಾನದಲ್ಲಿ ಆತನು ಧೈರ್ಯಗೆಟ್ಟು ಅಳತೊಡಗಿದನು. ಅಂದಿನಿಂದ ಊರೂರು ತಿರುಗುವುದನ್ನು ಬಿಟ್ಟು ಮನೆಯಲ್ಲಿಯೇ ಇದ್ದು ಹಾಡು ಕಟ್ಟುವೆನೆಂದನು. ಉಳಿದವರು ತಿರುಗಿ ಹಾಡಿ ಹಣ ತರುವುದು, ಆತನು ಹೊಸದನ್ನು ರಚಿಸುವುದು ಎಂದು ಏರ್ಪಾಡಾಯಿತು. ಕೂಡುಕುಟುಂಬದಲ್ಲಿ ಒಬ್ಬನು ಹೊಲಕ್ಕೆ ಹೋಗಿ ಮತ್ತೊಬ್ಬನು ಮನೆಯಲ್ಲಿದ್ದರೆ ಏನಾಗುವುದೆಂಬುದನ್ನು ವಾಚಕರು ಬಲ್ಲರು. ಹೊರಗೆ ಬಿಸಿಲಲ್ಲಿ ಬೆಂದವನಿಗೆ ಒಳಗಿನವನು ಸೋಮಾರಿಯಂತೆ ಕಾಣುವನು. ಒಳಗಿನವನಿಗೆ ಹೊರಗಿನವನು ರಸಜ್ಞಾನವಿಲ್ಲದವನಂತೆ ಕಾಣುವನು.

ಹಾಗೆ ಮನೆಯಲ್ಲಿ ನಿಂತು ಮಾಡಿದ ಕೆಲಸದ ಫಲವೇ ೧೯೬೬ನೆಯ ಮೇ ತಿಂಗಳಲ್ಲಿ ಹೊರಬಿದ್ದ 'ಪೆಟ್ ಸೌಂಡ್ಸ್' ಎಂಬ ಮಾಲಿಕೆ. ಟೋನಿ ಆಶರ್ ಎಂಬ ಹೊರಗಿನ ಲೇಖಕನು ಬಹುಪಾಲು ಹಾಡುಗಳಿಗೆ ಮಾತು ಬರೆದನು. ನುರಿತ ವಾದ್ಯಗಾರರನ್ನು ನೆರವಿ, ಪಿಟೀಲು, ಕೊಳಲು, ಕೊಂಬುಗಳ ಜತೆಗೆ ಸೈಕಲ್ಲಿನ ಗಂಟೆಯನ್ನೂ, ಕಡೆಯಲ್ಲಿ ಓಡುವ ರೈಲಿನ ಸದ್ದನ್ನೂ ತನ್ನ ಎರಡು ನಾಯಿಗಳ ಬೊಗಳಿಕೆಯನ್ನೂ ಬ್ರಯನ್ನನು ಅದರಲ್ಲಿ ಸೇರಿಸಿದನು. ಎರಡು ಕಿವಿಗೂ ಬೇರೆಬೇರೆಯಾಗಿ ಹಂಚುವ ಮುದ್ರಣವು ಆಗಲೇ ಬಳಕೆಯಲ್ಲಿದ್ದರೂ ಒಂದೇ ಕಿವಿಯುಳ್ಳ ಆತನು ಎಲ್ಲವನ್ನೂ ಒಂದೇ ಧಾರೆಯಲ್ಲಿ ಬೆರೆಸಿದನು. 'ಗಾಡ್ ಓನ್ಲಿ ನೋಸ್' ಎಂಬ ಹಾಡನ್ನು ಹತ್ತೊಂಬತ್ತು ವರ್ಷದ ತಮ್ಮನಾದ ಕಾರ್ಲನಿಗೆ ಬಿಟ್ಟುಕೊಟ್ಟನು. ಆ ದಿನಗಳಲ್ಲಿ ಹಾಡುವ ಮುನ್ನ ತಾವಿಬ್ಬರೂ ಕೂಡಿ ಪ್ರಾರ್ಥನೆ ಮಾಡುತ್ತಿದ್ದೆವೆಂದು ಬ್ರಯನ್ನನೇ ಹೇಳಿಕೊಂಡಿರುವನು. ತನಗಿಂತ ತಮ್ಮನ ಕಂಠವೇ ಈ ಹಾಡಿಗೆ ತಕ್ಕುದೆಂದು ಅಣ್ಣನು ಅರಿತು ಹಿಂದೆ ಸರಿದುದೂ ದೊಡ್ಡ ಕಲೆಯೇ.

ಈ ಮಾಲಿಕೆಯು ಇಂಗ್ಲೆಂಡಿನ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು. ಸ್ವದೇಶದಲ್ಲಿ ಹತ್ತಕ್ಕಿಂತ ಮೇಲೆ ಹೋಗಲಿಲ್ಲ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿಯು ಇದನ್ನು ಬಹಳವಾಗಿ ಕೊಂಡಾಡಿದನು; ತಮ್ಮ ೧೯೬೭ರ 'ಸಾರ್ಜೆಂಟ್ ಪೆಪ್ಪರ್' ಮಾಲಿಕೆಗೆ ಇದು ಪ್ರೇರಣೆಯಾಯಿತೆಂದೂ ಹೇಳಿದನು. ಆದರೆ ಊರೂರು ತಿರುಗಿ ಬಂದ ಮೈಕನಿಗೆ ಕಡಲ ಹಾಡಿನ ಹಳೆಯ ದಾರಿಯನ್ನು ಬಿಡುವುದು ಅಪಾಯವೆಂದು ತೋರಿತು. ಒಂದು ಹಾಡಿನ ಮಾತುಗಳನ್ನು ಒಪ್ಪದೆ ಬದಲಾಯಿಸಿದನು. ಅವನನ್ನು ಖಳನೆಂದು ಚಿತ್ರಿಸುವವರು ಬಹಳ ಮಂದಿ. ನನಗೆ ಅದು ಸರಿಕಾಣದು. ಸಭೆಯ ಮುಂದೆ ನಿಂತು ಜನರ ಮುಖವನ್ನು ದಿನವೂ ನೋಡುತ್ತಿದ್ದವನು ಅವನು. ಎಲ್ಲರ ಮನೆಯ ಒಲೆ ಉರಿಯುತ್ತಿದ್ದುದು ಆ ತಿರುಗಾಟದಿಂದ. ಅವನ ಶಂಕೆಯಲ್ಲಿ ಗೃಹಕೃತ್ಯದ ವಿವೇಕವೂ ಸ್ವಲ್ಪವಿತ್ತು.

ಅದೇ ೧೯೬೬ರ ಅಕ್ಟೋಬರಿನಲ್ಲಿ 'ಗುಡ್ ವೈಬ್ರೇಷನ್ಸ್' ಬಂದಿತು. ಮೂರೂವರೆ ನಿಮಿಷದ ಈ ಹಾಡಿಗಾಗಿ ಹಲವು ತಿಂಗಳು, ಹಲವು ಸ್ಟುಡಿಯೋಗಳಲ್ಲಿ ತುಂಡುತುಂಡಾಗಿ ಮುದ್ರಣ ನಡೆಸಿ, ಬಳಿಕ ಆ ತುಂಡುಗಳನ್ನು ಜೋಡಿಸಿದರು. ಅದು ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಮೊದಲ ಸ್ಥಾನವನ್ನು ಪಡೆಯಿತು. ಇದೇ ಕ್ರಮದಲ್ಲಿ ಒಂದು ಇಡೀ ಮಾಲಿಕೆಯನ್ನು ನಿರ್ಮಿಸಬೇಕೆಂದು ಬ್ರಯನ್ನನು ವ್ಯಾನ್ ಡೈಕ್ ಪಾರ್ಕ್ಸ್ ಎಂಬ ಕವಿಯೊಡನೆ ಕೂಡಿ 'ಸ್ಮೈಲ್' ಎಂಬುದಕ್ಕೆ ಕೈಹಾಕಿದನು. ಇದರ ಪದಗಳ ಅರ್ಥವೇನೆಂದು ಮೈಕನು ಕೇಳಿದನು; ಕವಿಯು ಉತ್ತರ ಕೊಡಲಾರದೆ ಸರಿದನು. ಕಂಪೆನಿಯೊಡನೆ ವ್ಯಾಜ್ಯ, ಮಾದಕ ವಸ್ತುಗಳ ಸಹವಾಸ, ಬಲವಾಗುತ್ತಿದ್ದ ಮನೋವ್ಯಾಧಿ ಇವೆಲ್ಲವೂ ಒಂದುಗೂಡಿದುವು. ೧೯೬೭ರಲ್ಲಿ ಆ ಕೆಲಸವನ್ನು ಅರ್ಧಕ್ಕೇ ಬಿಟ್ಟುಬಿಟ್ಟರು. ಬ್ರಯನ್ನನಿಗೆ ಇಪ್ಪತ್ತೈದು ತುಂಬುವ ಕಾಲಕ್ಕೆ ಆತನ ತೇಜಸ್ಸಿಗೆ ಗ್ರಹಣ ಹಿಡಿಯಿತು.

ಈ ಸಂಕಟದ ನಡುವೆ ನಮ್ಮ ದೇಶದ ಹೆಸರೂ ಬರುತ್ತದೆ. ೧೯೬೭ರ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಮಹರ್ಷಿ ಮಹೇಶ ಯೋಗಿಗಳ ಪರಿಚಯವಾಗಿ, ಮರುವರ್ಷ ಮೈಕನು ಹೃಷೀಕೇಶದ ಅವರ ಆಶ್ರಮದಲ್ಲಿ ಬೀಟಲ್ಸರ ಜತೆಯಲ್ಲಿ ಕೆಲವು ಕಾಲವಿದ್ದು ಧ್ಯಾನವನ್ನಭ್ಯಾಸ ಮಾಡಿದನು. ಹಿಂತಿರುಗಿದ ಮೇಲೆ, ಮೊದಲು ತಮ್ಮ ಹಾಡು, ಬಳಿಕ ಮಹರ್ಷಿಗಳ ಉಪನ್ಯಾಸ ಎಂದು ಒಂದು ಸಂಚಾರವನ್ನು ಏರ್ಪಡಿಸಿದರು. ಜನ ಸೇರದೆ ಕೆಲವೇ ಸಭೆಗಳಿಗೆ ಅದು ನಿಂತಿತು, ನಷ್ಟವೂ ಬಹಳವಾಯಿತು. ಹಾಡಿಗೆ ಬಂದವರನ್ನು ಉಪನ್ಯಾಸಕ್ಕೆ ಕೂರಿಸುವುದು ಎಲ್ಲ ದೇಶಗಳಲ್ಲಿಯೂ ಕಷ್ಟವೆಂದು ಕಾಣುತ್ತದೆ. ಮೈಕನು ಮಾತ್ರ ಆ ಧ್ಯಾನವನ್ನು ಆಮೇಲೆಯೂ ಬಿಡಲಿಲ್ಲ.

ಇನ್ನು ಈ ಕಥೆಯ ಮರ್ಮಸ್ಥಾನಕ್ಕೆ ಬರೋಣ. ವ್ಯವಸ್ಥಾಪಕನ ಪದವಿ ಹೋದರೂ ಹಾಡುಗಳ ಪ್ರಕಟನೆಯ ಹಕ್ಕನ್ನು ಹೊಂದಿದ್ದ 'ಸೀ ಆಫ್ ಟ್ಯೂನ್ಸ್' ಎಂಬ ಸಂಸ್ಥೆಯ ಆಡಳಿತವು ತಂದೆಯ ಕೈಯಲ್ಲಿಯೇ ಉಳಿದಿತ್ತು. ೧೯೬೯ರಲ್ಲಿ ಅವನು ಆ ಹಕ್ಕುಗಳೆಲ್ಲವನ್ನೂ ಸುಮಾರು ೭ ಲಕ್ಷ ಡಾಲರುಗಳಿಗೆ ಮಾರಿಬಿಟ್ಟನು. ಮಕ್ಕಳ ಕಾಲ ಮುಗಿಯಿತು, ಈ ಹಾಡುಗಳಿಗೆ ಇನ್ನು ಬೆಲೆಯಿಲ್ಲವೆಂದು ಅವನ ಎಣಿಕೆ. ತನ್ನ ಹಾಡುಗಳು ತನ್ನದಲ್ಲವಾದುವೆಂದು ತಿಳಿದ ಬ್ರಯನ್ನನು ಹಾಸಿಗೆ ಹಿಡಿದನೆಂದು ಹೇಳುವರು.

ವಿದ್ಯೆಯಿಂದ ಗಳಿಸಿದ ಧನವು ಗಳಿಸಿದವನದೇ, ದಾಯಾದಿಗಳಿಗೆ ಅದರಲ್ಲಿ ಪಾಲಿಲ್ಲವೆಂಬುದು ನಮ್ಮ ಧರ್ಮಶಾಸ್ತ್ರದಲ್ಲಿ ಪ್ರಸಿದ್ಧವಾದ ವಿಧಿ. ಆದರೆ ಮನೆಯಲ್ಲಿಯೇ ತಂದೆಯಿಂದ ಶಿಕ್ಷಿತರಾದವರ ಗಳಿಕೆಯು ಹಂಚಿಕೆಗೆ ಬರುತ್ತದೆಂದು ಹೇಳಿದ ಸ್ಮೃತಿಕಾರರೂ ಇದ್ದಾರೆ. ಈ ಸೂಕ್ಷ್ಮವನ್ನು ವಿಲ್ಸನ್ನರ ಮನೆಗೆ ಹಚ್ಚಿ ನೋಡಿದರೆ ಎರಡು ಪಕ್ಷಕ್ಕೂ ಮಾತಿದೆ. ಕೊಠಡಿ ತಂದೆಯದು, ವಾದ್ಯ ತಂದೆಯದು, ಮೊದಲ ಬಾಗಿಲು ತಟ್ಟಿದವನು ತಂದೆ. ತಂದೆಗೆ ಪಾಲಿಲ್ಲವೆನ್ನುವುದು ಕೃತಘ್ನತೆಯಾದೀತು. ಆದರೆ ಪಾಲನ್ನು ಪಡೆಯುವುದು ಬೇರೆ, ಒಟ್ಟು ಸ್ವತ್ತನ್ನೇ ವಿಕ್ರಯಿಸುವುದು ಬೇರೆ. ಆವೊತ್ತಿನ ಆ ಒಂದು ವಿಕ್ರಯದಿಂದ ಹುಟ್ಟಿದ ವ್ಯಾಜ್ಯಗಳು ತಂದೆ ಸತ್ತು ಇಪ್ಪತ್ತು ವರ್ಷಗಳಾದರೂ ಮುಗಿಯಲಿಲ್ಲ. ೧೯೭೩ರಲ್ಲಿ ಮರ್ರಿಯು ತೀರಿಕೊಂಡಾಗ ಹಿರಿಯ ಮಕ್ಕಳಿಬ್ಬರೂ ಅಂತ್ಯಕ್ರಿಯೆಗೆ ಬರಲಿಲ್ಲ. ಬ್ರಯನ್ನನು ಹೂಡಿದ ದಾವೆಯು ೧೯೯೨ರಲ್ಲಿ ರಾಜಿಯಾಗಿ ಆತನಿಗೆ ೧ ಕೋಟಿ ಡಾಲರು ಬಂದಿತು. ಹಕ್ಕು ಮಾತ್ರ ಹಿಂದಿರುಗಲಿಲ್ಲ. ಅದರ ಬೆನ್ನಿಗೇ ಮೈಕನು ಬ್ರಯನ್ನನ ಮೇಲೆ ದಾವೆ ಹೂಡಿದನು. ತಾನು ಮಾತು ಬರೆದ ಹಾಡುಗಳಲ್ಲಿ ತನ್ನ ಹೆಸರನ್ನು ಹಿಂದೆ ಸೋದರಮಾವನು ಬಿಟ್ಟುಬಿಟ್ಟಿದ್ದನೆಂಬುದು ಅವನ ವಾದ. ೧೯೯೪ರಲ್ಲಿ ೩೫ ಹಾಡುಗಳಲ್ಲಿ ಅವನ ಹೆಸರು ಸೇರಿತು. ೫೦ ಲಕ್ಷ ಡಾಲರೂ ದೊರೆಯಿತು. ಒಂದೇ ಸ್ವರಮೇಳದಲ್ಲಿ ನಿಂತವರು ನ್ಯಾಯಸ್ಥಾನದಲ್ಲಿ ಎದುರುಬದುರಾಗಿ ನಿಂತರು.

ಹಾಡುಗಳಾದರೋ ತಂದೆಯ ಎಣಿಕೆಯನ್ನು ಸುಳ್ಳು ಮಾಡಿದುವು. ೧೯೭೪ರಲ್ಲಿ ಹಳೆಯ ಹಾಡುಗಳನ್ನೇ ಆರಿಸಿ ಹೊರತಂದ 'ಎಂಡ್‌ಲೆಸ್ ಸಮ್ಮರ್' ಎಂಬ ಮಾಲಿಕೆ ಪಟ್ಟಿಯಲ್ಲಿ ಮೊದಲನೆಯದಾಯಿತು. ೧೯೮೩ರಲ್ಲಿ ಅಮೆರಿಕದ ಒಳನಾಡ ಖಾತೆಯ ಮಂತ್ರಿಯಾದ ಜೇಮ್ಸ್ ವಾಟ್, ಇಂಥ ತಂಡಗಳ ಹಾಡಿಗೆ ಅಯೋಗ್ಯ ಜನ ಸೇರುವರೆಂದು ಹೇಳಿ ರಾಜಧಾನಿಯ ಸ್ವಾತಂತ್ರ್ಯೋತ್ಸವದಲ್ಲಿ ಅವುಗಳಿಗೆ ಎಡೆಯಿಲ್ಲದಂತೆ ಮಾಡಿದನು. ದೇಶದಲ್ಲಿ ಕೋಲಾಹಲವಾಯಿತು, ಬೀಚ್ ಬಾಯ್ಸ್ ತಮಗೆ ಪ್ರಿಯರೆಂದು ಅಧ್ಯಕ್ಷರ ಪತ್ನಿಯೇ ಹೇಳಬೇಕಾಯಿತು. ಹುಡುಗರ ಹುಚ್ಚಾಟವೆನಿಸಿದ್ದ ಹಾಡು ಇಪ್ಪತ್ತು ವರ್ಷಗಳಲ್ಲಿ ಮನೆಮನೆಯ ಹಾಡಾಗಿತ್ತು. ೧೯೮೮ರಲ್ಲಿ 'ಕೊಕೊಮೊ' ಎಂಬ ಹಾಡು ಮತ್ತೆ ಅಗ್ರಸ್ಥಾನಕ್ಕೇರಿತು, ಅದರಲ್ಲಿ ಬ್ರಯನ್ನನಿರಲಿಲ್ಲ.

ಮನೆಯೊಳಗಿನ ಸ್ಥಿತಿ ಬೇರೆಯಾಗಿತ್ತು. ಡೆನ್ನಿಸನು ೧೯೭೭ರಲ್ಲಿ 'ಪೆಸಿಫಿಕ್ ಓಷನ್ ಬ್ಲೂ' ಎಂಬ ಸ್ವತಂತ್ರ ಮಾಲಿಕೆಯಿಂದ ತನ್ನಲ್ಲಿಯೂ ಶಕ್ತಿಯಿದೆಯೆಂದು ತೋರಿಸಿದನು. ಆದರೆ ಕುಡಿತಕ್ಕೆ ವಶನಾಗಿ, ೧೯೮೩ನೆಯ ಡಿಸೆಂಬರ್ ೨೮ರಂದು ಮರೀನಾ ಡೆಲ್ ರೇ ಎಂಬ ದೋಣಿಬಂದರಿನಲ್ಲಿ ನೀರಿಗಿಳಿದು ಮುಳುಗಿ ಸತ್ತನು. ಮೂವತ್ತೊಂಬತ್ತು ವರ್ಷ. ಐವರಲ್ಲಿ ಕಡಲನ್ನು ಬಲ್ಲವನೇ ಅವನು. ಅಧ್ಯಕ್ಷ ರೇಗನ್ನರ ವಿಶೇಷ ಅನುಮತಿಯಿಂದ ಅವನ ದೇಹವನ್ನು ಸಮುದ್ರಕ್ಕೇ ಒಪ್ಪಿಸಿದರು. ಬ್ರಯನ್ನನನ್ನು ಉಳಿಸಬೇಕೆಂದು ಮನೆಯವರು ಯೂಜೀನ್ ಲ್ಯಾಂಡಿ ಎಂಬ ಮನಶ್ಶಾಸ್ತ್ರಜ್ಞನಿಗೆ ಒಪ್ಪಿಸಿದ್ದರು. ಅವನು ದೇಹವನ್ನು ಸುಧಾರಿಸಿದನು, ನಿಜ. ಆದರೆ ರೋಗಿಯ ಊಟ, ಸ್ನೇಹ, ಹಣ, ಹಾಡು ಎಲ್ಲಕ್ಕೂ ಒಡೆಯನಾಗಿ ಕುಳಿತನು. ಸಂಬಂಧಿಕರು ನ್ಯಾಯಸ್ಥಾನಕ್ಕೆ ಹೋಗಿ ೧೯೯೨ರಲ್ಲಿ ಬಿಡಿಸಬೇಕಾಯಿತು. ಒಬ್ಬ ತಂದೆಯಿಂದ ತಪ್ಪಿಸಿಕೊಂಡವನು ಇನ್ನೊಬ್ಬ ತಂದೆಯ ಕೈಗೆ ಸಿಕ್ಕಿದ್ದನು. ತಾಯಿ ಆಡ್ರಿ ೧೯೯೭ರ ಡಿಸೆಂಬರಿನಲ್ಲಿ ತೀರಿಕೊಂಡಳು. ಎರಡು ತಿಂಗಳು ಕಳೆದ ಬಳಿಕ, ೧೯೯೮ರ ಫೆಬ್ರವರಿಯಲ್ಲಿ, ಕಿರಿಯ ಮಗನಾದ ಕಾರ್ಲನೂ ಕ್ಯಾನ್ಸರಿನಿಂದ ಹೋದನು. ಕತ್ತಲ ಕೋಣೆಯಲ್ಲಿ ಹಾಡಿದ ಮೂವರಲ್ಲಿ, ಎಲ್ಲರಿಗಿಂತ ದುರ್ಬಲನೆಂದು ತೋರುತ್ತಿದ್ದ ಅಣ್ಣನೊಬ್ಬನೇ ಉಳಿದನು.

ಆ ಉಳಿದವನು ಒಂದು ದೊಡ್ಡ ಕೆಲಸವನ್ನು ಮಾಡಿದನು. ೧೯೯೫ರಲ್ಲಿ ಕೈಹಿಡಿದ ಪತ್ನಿ ಮೆಲಿಂಡಳ ಆಸರೆಯಲ್ಲಿ ಚೇತರಿಸಿಕೊಂಡು, ಹಳೆಯ ಕವಿಯಾದ ಪಾರ್ಕ್ಸನನ್ನು ಮತ್ತೆ ಕರೆದು, ಮೂವತ್ತೇಳು ವರ್ಷಗಳ ಹಿಂದೆ ಕೈಬಿಟ್ಟಿದ್ದ 'ಸ್ಮೈಲ್' ಅನ್ನು ಪೂರ್ಣಗೊಳಿಸಿದನು. ೨೦೦೪ನೆಯ ಫೆಬ್ರವರಿಯಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ಅದನ್ನು ಮೊದಲಿನಿಂದ ಕಡೆಯವರೆಗೆ ಸಭೆಯ ಮುಂದೆ ಹಾಡಿದನು. ಇಪ್ಪತ್ತೈದರಲ್ಲಿ ಯಾವುದನ್ನು ಕಂಡು ಹೆದರಿ ಓಡಿದ್ದನೋ ಅದನ್ನು ಅರವತ್ತೊಂದರಲ್ಲಿ ಎದುರಿಸಿ ಗೆದ್ದನು. ಉಳಿದವರು ೨೦೧೨ರಲ್ಲಿ ತಂಡದ ಐವತ್ತನೆಯ ವರ್ಷಕ್ಕಾಗಿ ಒಟ್ಟುಗೂಡಿ ಹೊಸ ಮಾಲಿಕೆಯನ್ನೂ ಹಾಡಿದರು. ಆ ವರ್ಷ ಮುಗಿಯುವುದರೊಳಗಾಗಿ ಮತ್ತೆ ಬೇರೆಯಾದರು. ೨೦೨೪ರ ಜನವರಿಯಲ್ಲಿ ಪತ್ನಿಯನ್ನು ಕಳೆದುಕೊಂಡು, ಬುದ್ಧಿಗೆ ಮರೆವು ಕವಿದಿದ್ದ ಬ್ರಯನ್ ವಿಲ್ಸನ್ನನು ೨೦೨೫ನೆಯ ಜೂನ್ ೧೧ರಂದು ಎಂಬತ್ತೆರಡನೆಯ ವಯಸ್ಸಿನಲ್ಲಿ ಕಾಲವಶನಾದನು.

ಈ ಕಥೆಯಿಂದ ಗೃಹಸ್ಥರು ಗ್ರಹಿಸಬೇಕಾದುದೇನು? ಮಗುವಿನ ವಿದ್ಯೆಗೆ ಮನೆಯಲ್ಲಿ ಒಂದು ಕೊಠಡಿಯನ್ನು ಬಿಟ್ಟುಕೊಡಬೇಕೆಂಬುದು ಮೊದಲನೆಯದು. ಇದರಲ್ಲಿ ಮರ್ರಿ ವಿಲ್ಸನ್ನನು ಅನೇಕ ತಂದೆಗಳಿಗೆ ಮೇಲ್ಪಂಕ್ತಿ. ಮಗುವು ತನ್ನನ್ನು ಮೀರಿದ ದಿನ ಆ ಕೊಠಡಿಯಿಂದ ಹೊರಕ್ಕೆ ಬಂದು ನಿಲ್ಲಬೇಕೆಂಬುದು ಎರಡನೆಯದು. ಇದು ಅವನಿಂದ ಆಗಲಿಲ್ಲ. ಮಕ್ಕಳ ದುಡಿಮೆಯ ಲೆಕ್ಕವನ್ನು ಅವರ ಹೆಸರಿನಲ್ಲಿಯೇ ಬರೆದು, ಅವರು ಕೇಳುವ ಮುಂಚೆಯೇ ಮುಂದಿಡಬೇಕೆಂಬುದು ಮೂರನೆಯದು. ಮನಸ್ಸಿನ ರೋಗವೂ ರೋಗವೇ. ಅದನ್ನು ಸೋಮಾರಿತನವೆಂದು ಗದರಿಸಲೂ ಬಾರದು, ಒಬ್ಬನ ಕೈಗೆ ಒಪ್ಪಿಸಿ ಮನೆಯವರು ನಿಶ್ಚಿಂತರಾಗಲೂ ಬಾರದೆಂಬುದು ನಾಲ್ಕನೆಯದು.

ಹಾಥಾರ್ನಿನ ಆ ಮನೆ ಈಗಿಲ್ಲ. ಹೆದ್ದಾರಿಯನ್ನು ಹಾಕುವಾಗ ಅದನ್ನು ಕೆಡವಿಹಾಕಿದರು. ೨೦೦೫ರಲ್ಲಿ ಆ ಸ್ಥಳದಲ್ಲಿ ಒಂದು ಸ್ಮಾರಕವನ್ನು ಕಟ್ಟಿ, ಇದು ಇತಿಹಾಸಕ್ಕೆ ಸೇರಿದ ಸ್ಥಾನವೆಂದು ಕ್ಯಾಲಿಫೋರ್ನಿಯ ಪ್ರಾಂತದವರು ಗುರುತು ಮಾಡಿದ್ದಾರೆ. ಮನೆಯಲ್ಲಿ ಹಾಡುವ, ಬರೆಯುವ, ಲೆಕ್ಕ ಮಾಡುವ, ಗೊಂಬೆ ಕಟ್ಟುವ ಮಗುವೊಂದಿದ್ದರೆ ಅದರ ತಂದೆತಾಯಿಗಳು ಈ ಹೊತ್ತು ರಾತ್ರಿ ಊಟವಾದ ಮೇಲೆ ಸ್ವಲ್ಪ ಹೊತ್ತು ಅದರ ಹತ್ತಿರ ಕುಳಿತು, ತಿದ್ದದೆ, ಸುಮ್ಮನೆ ಕೇಳಲಿ ಎಂದು ನನ್ನ ಕೋರಿಕೆ.